ನೆಲಸಾಕ್ಷಿ

ಕರಿಬಂಡೆ ಕಾವಲಿನ ಮೂರನೆಯ ಹ್ಯಾಂಗರು ಕಳೆದ ಮಾಗಿಯಲ್ಲಿ ಹೆಜ್ಜೆ ಇಟ್ಟಾಗ ಅದರ ಬಲಗಾಲಿನ ಕೆಳಗೆ ಸಿಕ್ಕಿ ಕರಿಯಮ್ಮ ಎಂಬ ಕಂಬಳಿ ನೇಯುವ ಹೆಂಗಸು ಸತ್ತಳು. ನೆಲ ಖಾಲಿ ಇದೆ ಎಂದು ಯಂತ್ರಕ್ಕೆ ಹೇಳಿದವನು ಅವಳ ಮಗ ಮೈಲಾರಿ. ಪೊಲೀಸರು ರಸ್ತೆ ಅಪಘಾತವೆಂದು ಬರೆದುಕೊಂಡು ಮೈಲಾರಿಯನ್ನು ಜೈಲಿಗೆ ಕಳಿಸಿದರು. ಕಾವಲಿನಲ್ಲಿ ರಸ್ತೆ ಇರಲಿಲ್ಲ.

ಹ್ಯಾಂಗರು ಎಂದರೆ ವಿಮಾನಗಳ ಕೊಟ್ಟಿಗೆ. ಹಾರಿ ದಣಿದ ವಿಮಾನವನ್ನು ಒಳಗೆ ಎಳೆದುಕೊಂಡು, ಹೊಟ್ಟೆ ಬಿಚ್ಚಿ ರಿಪೇರಿ ಮಾಡಿ, ಮತ್ತೆ ಆಕಾಶಕ್ಕೆ ಬಿಡುವ ಜಾಗ. ಅದನ್ನು ಕಟ್ಟುವುದು ಈಗ ಕಷ್ಟದ ಕೆಲಸವಲ್ಲ. ಕಂಬ, ತೊಲೆ, ಶೀಟು ಎಲ್ಲವೂ ಎಲ್ಲೋ ಒಂದು ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ಕತ್ತರಿಸಿ, ತೂತು ಕೊರೆದು, ಬಣ್ಣ ಬಳಿದುಕೊಂಡು ಲಾರಿಗಳಲ್ಲಿ ಬರುತ್ತವೆ. ಬಯಲಿನಲ್ಲಿ ಬೋಲ್ಟು ಬಿಗಿದರೆ ಮುಗಿಯಿತು. ಇಷ್ಟು ಹಳೆಯ ವಿದ್ಯೆ. ಹೊಸ ವಿದ್ಯೆ ಏನೆಂದರೆ, ಕರಿಬಂಡೆಯ ಹ್ಯಾಂಗರುಗಳು ತಮ್ಮನ್ನು ತಾವೇ ಬಿಚ್ಚಿಕೊಂಡು ತಾವೇ ಕಟ್ಟಿಕೊಳ್ಳುತ್ತವೆ. ಪಕ್ಕೆಲುಬಿನ ಹಾಗೆ ಸಾಲಾಗಿ ನಿಂತ ಉಕ್ಕಿನ ಚೌಕಟ್ಟುಗಳಲ್ಲಿ ತೀರ ಹಿಂದಿನದರ ಬೋಲ್ಟುಗಳು ತಾವಾಗಿ ಸಡಿಲಗೊಳ್ಳುತ್ತವೆ. ಅದು ಮಡಚಿಕೊಂಡು, ಸೂರಿನ ನೆತ್ತಿಯ ಮೇಲಿನ ಕಂಬಿಯಲ್ಲಿ ಜಾರಿ ಮುಂದಕ್ಕೆ ಬಂದು, ಮುಂಭಾಗದ ಬಯಲಿನ ಮೇಲೆ ತನ್ನ ಎರಡು ಕಾಲುಗಳನ್ನು ಬಿಚ್ಚಿ ಊರುತ್ತದೆ. ಬೋಲ್ಟುಗಳು ಮತ್ತೆ ಬಿಗಿಯುತ್ತವೆ. ಹೀಗೆ ಒಂದೊಂದೇ ಪಕ್ಕೆಲುಬು ಹಿಂದಿನಿಂದ ಮುಂದಕ್ಕೆ ಬಂದು, ಒಂದು ಹಗಲು ಕಳೆಯುವಷ್ಟರಲ್ಲಿ ಇಡೀ ಹ್ಯಾಂಗರು ತನ್ನ ಉದ್ದದಷ್ಟು ಮುಂದೆ ಬಂದಿರುತ್ತದೆ. ಹಟ್ಟಿಯ ಜನ ಅದನ್ನು ಕಂಬಳಿಹುಳ ಎಂದು ಕರೆದರು. ಕಂಬಳಿಹುಳ ಎಲೆ ತಿಂದರೆ ಇದು ನೆಲ ತಿನ್ನುತ್ತದೆ.

ಕಟ್ಟಡ ಯಾಕೆ ನಡೆಯಬೇಕು ಎಂದು ಯಾರಾದರೂ ಕೇಳಬಹುದು. ಕಾನೂನಿಗಾಗಿ. ಕಾವಲು ಎಂದರೆ ಕುರಿದನ ಮೇಯಲು ಎಲ್ಲರಿಗೂ ಸೇರಿದ ಹುಲ್ಲುಬಯಲು. ಅದರಲ್ಲಿ ಕಟ್ಟಡ ಕಟ್ಟಬೇಕಾದರೆ ಗ್ರಾಮಸಭೆ ಒಪ್ಪಬೇಕು. ಕರಿಬಂಡೆಹಟ್ಟಿಯ ಗ್ರಾಮಸಭೆ ಕೈ ಎತ್ತಿ ಬೇಡವೆಂದಿತು. ಆಗ ರಾಜಧಾನಿಯಲ್ಲಿ ಕುಳಿತ ಬುದ್ಧಿವಂತರು ಒಂದು ಕಾಯ್ದೆ ತಂದರು. ಸಿಮೆಂಟಿನ ಅಡಿಪಾಯವಿಲ್ಲದೆ, ಆರು ತಿಂಗಳಿಗೊಮ್ಮೆ ಜಾಗ ಬದಲಿಸುವ ಯಾವುದೇ ಉಕ್ಕಿನ ರಚನೆ ಕಟ್ಟಡವಲ್ಲ, ವಾಹನ. ವಾಹನ ನಿಲ್ಲಿಸಲು ಗ್ರಾಮಸಭೆಯನ್ನು ಕೇಳುವವರು ಯಾರು? ಹೀಗಾಗಿ, ನೂರು ಲಾರಿಗಳನ್ನು ನುಂಗಬಲ್ಲ ಆ ಹ್ಯಾಂಗರಿನ ಬೆನ್ನಿಗೆ ಒಂದು ಗೇಣುದ್ದದ ನಂಬರ್ ಪ್ಲೇಟು ಇದೆ. ಇನ್ಶೂರೆನ್ಸ್ ಇದೆ. ಹೊಗೆ ತಪಾಸಣೆಯ ಚೀಟಿಯೂ ಇದೆ. ಹೊಗೆ ಬಿಡುವ ಇಂಜಿನ್ನು ಮಾತ್ರ ಅದಕ್ಕೆ ಇಲ್ಲ.

ಕಾಯ್ದೆ ಬರೆದವರಿಗೆ ಮನುಷ್ಯರ ನೆನಪೂ ಒಂದು ಗಳಿಗೆ ಆಗಿತ್ತು. ವಾಹನ ಹೆಜ್ಜೆ ಇಡುವ ಮುಂಚೆ, ಮುಂದಿನ ನೆಲದಲ್ಲಿ ಯಾರೂ ಇಲ್ಲವೆಂದು ಆ ಊರಿನವರೇ ಒಬ್ಬರು ತಮ್ಮ ಬಾಯಿಂದ ಹೇಳಬೇಕು ಎಂದು ಸೇರಿಸಿದ್ದರು. ಆ ಹುದ್ದೆಯ ಹೆಸರು ನೆಲಸಾಕ್ಷಿ. ಗಾಜಿನ ಫಲಕದ ಮೇಲೆ ಅಂಗೈ ಇಟ್ಟು "ನೆಲ ಖಾಲಿ ಇದೆ" ಎನ್ನಬೇಕು. ಹಾಗೆಂದ ಮೇಲೆಯೇ ಕಾಲು ಇಳಿಯುವುದು. ಹೆಚ್ಚುಕಡಿಮೆಯಾದರೆ ಕಾನೂನಿನ ಕಣ್ಣಿಗೆ ನೆಲಸಾಕ್ಷಿಯೇ ಡ್ರೈವರು.

ಪಾಲಿಟೆಕ್ನಿಕ್ ಓದಿದ್ದ ಮೈಲಾರಿಗೆ ಆ ಕೆಲಸ ಸಿಕ್ಕಿದಾಗ ಕರಿಯಮ್ಮ ಹಟ್ಟಿಗೆಲ್ಲ ಬೆಲ್ಲ ಹಂಚಿದ್ದಳು.

ಅವಳು ಸತ್ತ ಬೆಳಿಗ್ಗೆ ನಡೆದದ್ದು ಇಷ್ಟು. ಕಂಬಳಿ ನೇಯುವ ಮುಂಚೆ ಉಣ್ಣೆಯ ನೂಲನ್ನು ಬಯಲಿನಲ್ಲಿ ಕಲ್ಲಿನಿಂದ ಕಲ್ಲಿಗೆ ಉದ್ದಕ್ಕೆ ಎಳೆದು ಕಟ್ಟುತ್ತಾರೆ. ಅದು ಹಾಸು, ಆ ಕಲ್ಲು ಹಾಸುಗಲ್ಲು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಗಂಜಿ ಹಚ್ಚಲು ಕುಳಿತವರು ನಡುವೆ ಏಳುವ ಹಾಗಿಲ್ಲ. ಎದ್ದರೆ ಅರ್ಧ ಒಣಗಿದ ನೂಲು ಒಂದಕ್ಕೊಂದು ಅಂಟಿ ಹಾಸೆಲ್ಲ ಹಾಳು. ಎದ್ದವರನ್ನು ಹಟ್ಟಿಯಲ್ಲಿ ಮತ್ತೆ ಯಾರೂ ಗಂಜಿಗೆ ಕರೆಯುವುದಿಲ್ಲ. ಸೈರನ್ನು ಕೂಗಿದಾಗ ಉಳಿದ ಹೆಂಗಸರು ಏಳೋಣವೆಂದರು. ಕರಿಯಮ್ಮ ಕಂಬಳಿಯ ಕೊಪ್ಪೆಯನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ಹೇಳಿದಳಂತೆ: "ಒಳಗೆ ಕುಂತಿರಾನು ಯಾರು? ನನ್ನ ಮಗ ಅಲ್ವಾ? ಹಡೆದೋಳು ಕುಂತಿರಾದು ನೋಡ್ಕಂಡು ಖಾಲಿ ಅಂತಾನಾ ಅವ್ನು? ಹಚ್ರೇ ನೀವು."

ಮೈಲಾರಿ ಕುಳಿತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಅವನ ಮುಂದೆ ಇದ್ದದ್ದು ತೆರೆ. ತೆರೆ ನೋಡುತ್ತಿದ್ದದ್ದು ಮೈಬಿಸಿಯನ್ನು. ಬಿಸಿಯಿದ್ದರೆ ಮನುಷ್ಯ ಅಥವಾ ಪ್ರಾಣಿ, ತಣ್ಣಗಿದ್ದರೆ ಕಲ್ಲು. ಕರಿಯಮ್ಮನೇ ನೇಯ್ದ ಕಂಬಳಿ ಎಷ್ಟು ಗಟ್ಟಿಯೆಂದರೆ ಮಳೆನೀರು ಒಳಗೆ ಹೋಗುತ್ತಿರಲಿಲ್ಲ, ಮೈಯ ಬಿಸಿ ಹೊರಗೆ ಬರುತ್ತಿರಲಿಲ್ಲ. ಇಬ್ಬನಿಯಲ್ಲಿ ನೆಂದು ಅದು ಕಲ್ಲಿನಷ್ಟೇ ತಣ್ಣಗಾಗಿತ್ತು. ಏಳೋಣವೆಂದ ಹೆಂಗಸರು ಎದ್ದು ಓಡುವುದು ತೆರೆಯಲ್ಲಿ ಕೆಂಪಗೆ ಕಂಡಿತು. ಅವರು ದೂರ ಹೋಗುವವರೆಗೆ ಮೈಲಾರಿ ಕಾದ. ಆಮೇಲೆ ಹಾಸುಗಲ್ಲುಗಳ ನಡುವೆ ಇನ್ನೊಂದು ಕಲ್ಲು ಉಳಿಯಿತು. ಅವನು ಹೇಳಬೇಕಾದ್ದನ್ನು ಹೇಳಿದ.

ಹೆಣ ತೆಗೆಯಲು ಕೆಲಸ ಒಂದಿಷ್ಟು ಹೊತ್ತು ನಿಂತಿತು. ಉಳಿದ ಪಕ್ಕೆಲುಬುಗಳನ್ನು ಹೊತ್ತು ಮುಳುಗುವುದರೊಳಗೆ ದಾಟಿಸಿದರು. ಆ ಜಾಗದ ಮೇಲೆ ಈಗ ಹ್ಯಾಂಗರಿನ ಒಳನೆಲ ಹಾಸಿದೆ. ಕಂಪನಿ ಪಾಠ ಕಲಿಯಲಿಲ್ಲ ಎನ್ನುವ ಹಾಗಿಲ್ಲ. ವಾಹನದ ಸುತ್ತಮುತ್ತ ಯಾರೂ ಕಂಬಳಿ ಹೊದೆಯಬಾರದು ಎಂದು ಬೋರ್ಡು ಹಾಕಿಸಿತು. ಮನೆಗೊಂದು ಹೊಳೆಯುವ ಜಾಕೆಟ್ಟು ಹಂಚಿತು. ಜನ ಅದನ್ನು ಹೊಲದ ಬೆರ್ಚಪ್ಪನಿಗೆ ತೊಡಿಸಿದರು.

* * *

ಮೈಲಾರಿಯ ಹೆಂಡತಿ ಹೊನ್ನೂರಮ್ಮ ಆ ಕಿಟಕಿಯಿಲ್ಲದ ಕೋಣೆಗೆ ಮೊದಲ ಸಲ ಕಾಲಿಟ್ಟದ್ದು ಆಷಾಢದ ಗಾಳಿ ಶುರುವಾದ ಮೇಲೆ. ಅವಳನ್ನು ಕರೆಸಿದವರು ಹ್ಯಾಂಗರಿನ ಮುಖ್ಯ ಇಂಜಿನಿಯರ್ ದಿವಾಕರ್. ಮೆತ್ತಗೆ ಮಾತಾಡುವ ಮನುಷ್ಯ. ಚೌಕಟ್ಟು ಮಡಚುವ ಕೀಲನ್ನು ಕಂಡುಹಿಡಿದವರೂ ಅವರೇ.

"ಈ ಹ್ಯಾಂಗರಿಗೆ ಒಂದು ಚೀಲ ಸಿಮೆಂಟು ಬಳಸಿಲ್ಲ ನೋಡಿ. ನಾಳೆ ತೆಗೆದುಬಿಟ್ರೆ ಹುಲ್ಲು ಮತ್ತೆ ಬರುತ್ತೆ," ಎಂದರು.

"ನಾಕು ಸಲ ಮುಂದುಕ್ ಹೋಗೈತೆ ಸಾರ್. ಹಿಂದೆ ಎಲ್ ಬಂದೈತೆ ಹುಲ್ಲು?"

ದಿವಾಕರ್ ಬಿಸಿ ಟೀ ತರಿಸಿಕೊಟ್ಟರು. ಆಮೇಲೆ ವಿಷಯಕ್ಕೆ ಬಂದರು. ಆರು ತಿಂಗಳು ತುಂಬುತ್ತಾ ಬಂತು. ಮೂರನೆಯ ಹ್ಯಾಂಗರು ಹೆಜ್ಜೆ ಇಡಬೇಕು. ಮೈಲಾರಿಯ ಜಾಗಕ್ಕೆ ಹಟ್ಟಿಯಿಂದ ಯಾರೂ ಬರಲು ಒಪ್ಪುತ್ತಿಲ್ಲ. ಹೊರಗಿನವರನ್ನು ಕೂರಿಸಲು ಕಾಯ್ದೆ ಬಿಡುವುದಿಲ್ಲ.

"ಗಡುವಿನ ದಿನ ಸೂರ್ಯ ಮುಳುಗೋದ್ರೊಳಗೆ ಒಂದೇ ಒಂದು ಹೆಜ್ಜೆ ಇಟ್ರೂ ಸಾಕು, ವಾಹನವಾಗಿಯೇ ಉಳಿಯುತ್ತೆ. ಇಡದೇ ಹೋದ್ರೆ..."

"ಇಡದೇ ಹೋದ್ರೆ?"

"ಕಟ್ಟಡ ಆಗಿಬಿಡುತ್ತೆ."

"ಕಟ್ಟಡ ಆದ್ರೆ ಗ್ರಾಮಸಭೆ ಕೇಳ್‌ಬೇಕು."

"ನೀವು ಓದಿಕೊಂಡಿದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ." ದಿವಾಕರ್ ತಮ್ಮ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮ ಯಜಮಾನರ ಕೇಸಿನಲ್ಲಿ ಕಂಪನಿ ಇದುವರೆಗೂ ಕೋರ್ಟಿಗೆ ಏನೂ ಹೇಳಿಲ್ಲ. ತೆರೆ ಕಲ್ಲನ್ನೇ ತೋರಿಸ್ತು, ಡ್ರೈವರ್ ತಪ್ಪಿಲ್ಲ ಅಂತ ನಾವೊಂದು ಮಾತು ಹೇಳಿದ್ರೆ ಅವರು ಮನೆಗೆ ಬರ್ತಾರೆ. ಹೇಳೋಕೆ ಮೇಲಿನವರು ಒಪ್ಪಿದ್ದಾರೆ. ಈ ಹೆಜ್ಜೆ ಆದಮೇಲೆ."

"ಅಷ್ಟ್ ಗೊತ್ತಿದ್ಮೇಲೆ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಸಾರ್?"

"ತೆರೆ ತಪ್ಪು ಅಂದ್ರೆ ಎಲ್ಲ ಕಡೆ ಹ್ಯಾಂಗರು ನಿಲ್ಲಿಸಬೇಕಾಗುತ್ತೆ ಹೊನ್ನೂರಮ್ಮ ಅವರೇ. ನನ್ನ ಕೈಯಲ್ಲಿರೋದಲ್ಲ ಅದು."

ಇಷ್ಟು ಸಜ್ಜನಿಕೆಯಿಂದ ಒಬ್ಬ ಮನುಷ್ಯ ಇನ್ನೊಬ್ಬನ ಕತ್ತಿಗೆ ಹಗ್ಗ ಹಾಕಿ ಹಿಡಿದುಕೊಂಡಿದ್ದನ್ನು ಹೊನ್ನೂರಮ್ಮ ಅದುವರೆಗೆ ನೋಡಿರಲಿಲ್ಲ. ಅವಳು ಕೆಲಸಕ್ಕೆ ಸೇರಿದಳು. ಅಂಗೈಯನ್ನೂ ದನಿಯನ್ನೂ ಯಂತ್ರಕ್ಕೆ ಕೊಟ್ಟಳು.

* * *

ಜೈಲಿನ ಜಾಲರಿಯ ಆಚೆ ಮೈಲಾರಿ ಗಡ್ಡ ಬಿಟ್ಟುಕೊಂಡು ನಿಂತಿದ್ದ. ಗಂಡ ಹೆಂಡತಿ ಮಾತಾಡುವಾಗ ಎರಡೂ ಬದಿಯಲ್ಲಿ ಬೇರೆ ಗಂಡ ಹೆಂಡಿರು ಕೂಗಿ ಮಾತಾಡುತ್ತಿದ್ದರು.

"ಉಂಡಾ?"

"ಹೂಂ."

"ಏನ್ ಸೊರಗಿದ್ದೀಯ. ಬಡಿಸ್ತಾರೋ ಇಲ್ವೋ?"

"ಬಡ್ಸಾನು ಬಂದು, ತಟ್ಟೆ ಖಾಲಿನಾ ಅಂತ ಕೇಳ್ತಾನೆ. ನನ್ ಬಾಯಾಗೆ ಆ ಮಾತು ಬರಕಿಲ್ಲ. ಸುಮ್ಕಿರ್ತೀನಿ. ಸಾಕು ಅಂದ್ಕಂಡು ಮುಂದುಕ್ ಹೋಗ್ತಾನೆ."

ಹೊನ್ನೂರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕೆಲಸಕ್ಕೆ ಸೇರಿದ್ದನ್ನು, ದಿವಾಕರ್ ಹೇಳಿದ್ದನ್ನು ಅವನಿಗೆ ಹೇಳಿದಳು. ಅವನು ಬಯ್ಯುತ್ತಾನೆ ಎಂದುಕೊಂಡಿದ್ದಳು. ಬಯ್ಯಲಿ ಎಂದು ಒಳಗೊಳಗೇ ಹರಕೆಯನ್ನೂ ಹೊತ್ತಿದ್ದಳೇನೋ.

ಮೈಲಾರಿ ಜಾಲರಿಗೆ ಹಣೆ ಒತ್ತಿದ. "ಅಂದ್ಬಿಡು."

"ಏನು?"

"ಅಂದ್ಬಿಡು ಹೊನ್ನೂರಿ. ನಂಗ್ ಇಲ್ಲಿರಾಕ್ ಆಗ್ತಿಲ್ಲ. ಇಲ್ಲಿರಾರೆಲ್ಲ ನನ್ನ ತಾಯಿ ತುಳಿದೋನು ಅಂತಾರೆ. ಅವ್ವ ಹೋದ್ಳು. ಹಾಸುಗಲ್ಲು ಇನ್ನೊಂದ್ ಕಡಿಗೆ ನೆಟ್ರಾತು. ಒಂದ್ ಮಾತು. ಅಂದ್ಬಿಟ್ಟು ನನ್ ಕರ್ಕಂಡ್ ಹೋಗು."

"ಇನ್ನೊಂದ್ ಕಡಿಗೆ ಅಂದ್ರೆ ಎಲ್ಲಿಗೆ? ಈಗಿರಾ ಕಲ್ಲಿನ ಹಿಂದ್ಕೇ ಹಟ್ಟಿ ಐತೆ."

"ಗೊತ್ತು," ಎಂದ ಮೈಲಾರಿ. ಹಣೆಯನ್ನು ಜಾಲರಿಯಿಂದ ತೆಗೆಯಲಿಲ್ಲ. ಹೊತ್ತಾಯಿತು ಎಂದು ಪೊಲೀಸಿನವನು ಬಂದಾಗ ಅವನ ಹಣೆಯ ಮೇಲೆ ಜಾಲರಿಯ ಚೌಕಗಳು ಮೂಡಿದ್ದವು.

* * *

ಗಡುವಿನ ಹಿಂದಿನ ದಿನ ಹೊನ್ನೂರಮ್ಮ ಕೆಲಸ ಮುಗಿಸಿ ಬಂದಾಗ ಮಾವ ಬೊಮ್ಮಣ್ಣ ಅಂಗಳದಲ್ಲಿ ಹುಣಸೆಬೀಜ ಹುರಿಯುತ್ತಿದ್ದ. ಹುರಿದ ಬೀಜವನ್ನು ನೆನೆಸಿ, ಸಿಪ್ಪೆ ಬಿಡಿಸಿ, ಕುಟ್ಟಿ, ಬೇಯಿಸಿದರೆ ಗಂಜಿ. ಎದುರು ಮನೆಯ ತಿಪ್ಪಕ್ಕ ಒರಳಿನ ಪಕ್ಕ ಕಾಲು ಚಾಚಿ ಕುಳಿತಿದ್ದಳು. ಕರಿಯಮ್ಮ ಸತ್ತ ದಿನ ಎದ್ದು ಓಡಿದವರಲ್ಲಿ ಅವಳೂ ಒಬ್ಬಳು.

"ಬಾರವ್ವ ಸಾಕ್ಷಮ್ಮ," ಎಂದಳು ತಿಪ್ಪಕ್ಕ. "ನಾಳಿಕೆ ನಮ್ಮನ್ನೆಲ್ಲ ಖಾಲಿ ಮಾಡ್ತೀಯೋ, ಬೀಜಕ್ಕೆ ಅಂತ ಒಬ್ರನ್ನಾರ ಇಟ್ಕಂತೀಯೋ?"

"ನಿನ್ ನಾಲ್ಗೆ ಒಂದ್ ಇಟ್ಕಂತೀನಿ ತಿಪ್ಪಕ್ಕ. ಸೈರನ್ ಬೇಕಾಗಾಕಿಲ್ಲ."

ತಿಪ್ಪಕ್ಕ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ಅವಳು ಎದ್ದು ತನ್ನ ಮನೆಗೆ ಹೋದಳು. ಹಟ್ಟಿಯಲ್ಲಿ ಈ ಆರು ತಿಂಗಳು ಯಾರೂ ತಿಪ್ಪಕ್ಕನನ್ನು ಗಂಜಿಗೆ ಕರೆದಿರಲಿಲ್ಲ. ಎದ್ದವಳಲ್ಲವೇ.

ಬೊಮ್ಮಣ್ಣ ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿದ. "ನಾಳೆ ಎಷ್ಟೊತ್ತಿಗಂತೆ?"

"ಹೊತ್ತು ಏರ್‌ತಿದ್ದಂಗೆ ಶುರು ಮಾಡ್ತಾರೆ."

"ಹಾಸುಗಲ್ಲು ಕಿತ್ಕಣಕ್ಕೆ ಹೇಳವ್ರಾ?"

"ಹೇಳವ್ರೆ."

"ನಾಕು ಕಲ್ಲು. ನಮ್ಮಪ್ಪ ನೆಟ್ಟಿದ್ವು. ಹಳೇ ಜಾಗದಿಂದ ಕಿತ್ಕಂಡ್ ಬಂದು ನೆಟ್ಟು ಇನ್ನೂ ಆರ್ ತಿಂಗ್ಳಾಗಿಲ್ಲ. ನಮ್ಮ ಕಲ್ಲೂ ಗಾಡಿ ಆದ್ವು ಬಿಡು. ನಂಬರ್ ಪ್ಲೇಟ್ ಹಾಕ್ಬೇಕು."

ಹೊನ್ನೂರಮ್ಮ ಅವನ ಪಕ್ಕದಲ್ಲಿ ಕುಳಿತಳು. ಜೈಲಿನಲ್ಲಿ ಮಗ ಅಂದ ಮಾತನ್ನು ಅವಳು ಮಾವನಿಗೆ ಹೇಳಿರಲಿಲ್ಲ. ಈಗ ಹೇಳಿದಳು. ಮುದುಕ ಸೌದೆಯನ್ನು ಒಲೆಯಿಂದ ಹಿಂದಕ್ಕೆ ಎಳೆದ. ಬೀಜಗಳು ಬಾಣಲೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಸಿಡಿದವು.

"ಅಂದ್ಬಿಡವ್ವ," ಎಂದ ಬೊಮ್ಮಣ್ಣ. "ಅವ್ನು ಬರ್ಲಿ. ಹೆಂಡ್ತಿ ಹೋದ್ಳು, ಮಗನೂ ಹೋದ್ರೆ ನಾನ್ ಯಾರಿಗೆ ನೇಯ್ಲಿ?"

"ನೀವೆಲ್ಲಾ?"

"ನಾವ್ ಎದ್ ಹೋಗ್ತೀವಿ. ಎದ್ ಹೋಗಾದು ನಮಗೇನ್ ಹೊಸ್ದಾ?"

"ಮತ್ತೆ ಈ ಬೀಜ ಯಾರಿಗ್ ಹುರೀತಿದ್ದೀಯ ಮಾವ?"

ಬೊಮ್ಮಣ್ಣ ಬಾಣಲೆಯನ್ನು ಇಳಿಸಿದ. "ಕೈ ಸುಮ್ಕಿರಲ್ಲ," ಎಂದ.

* * *

ನಿಯಂತ್ರಣದ ಕೋಣೆ ತಣ್ಣಗಿತ್ತು. ತೆರೆಯ ಮೇಲೆ ಹ್ಯಾಂಗರಿನ ಮುಂದಿನ ನೆಲ ನೀಲಿಯಾಗಿ ಹರಡಿತ್ತು. ನಿನ್ನೆ ಅದರಲ್ಲಿ ನಾಲ್ಕು ಬೂದು ಚುಕ್ಕೆಗಳಿದ್ದವು, ನಾಲ್ಕು ಹಾಸುಗಲ್ಲು. ಇವತ್ತು ಆ ನಾಲ್ಕರ ನಡುವೆ ಇನ್ನೂ ಒಂಬತ್ತು ಇದ್ದವು. ದಾರಕ್ಕೆ ಪೋಣಿಸಿದ ಹಾಗೆ, ಎರಡು ನೇರ ಸಾಲಿನಲ್ಲಿ.

ಒಂದೊಂದರ ಪಕ್ಕದಲ್ಲೂ ಯಂತ್ರ ಬರೆದಿತ್ತು: ಕಲ್ಲು.

ಹೊನ್ನೂರಮ್ಮ ಬೆಳಿಗ್ಗೆ ಮನೆ ಬಿಟ್ಟಾಗ ಮಾವ ಗೂಟಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಬಾಗಿಲ ಬಳಿ ನೀರು ತುಂಬಿದ ಕೊಪ್ಪರಿಗೆಯಲ್ಲಿ ಕಂಬಳಿಗಳು ನೆನೆದಿದ್ದವು. ಒಗೆಯಲು ಇರಬೇಕೆಂದು ಅವಳು ಕೇಳಿರಲಿಲ್ಲ.

ದಿವಾಕರ್ ಅವಳ ಕುರ್ಚಿಯ ಹಿಂದೆ ನಿಂತಿದ್ದರು. ಸೈರನ್ನು ಮೂರು ಸಲ ಕೂಗಿತು. ಬೂದು ಚುಕ್ಕೆಗಳು ಕದಲಲಿಲ್ಲ. ಮೇಲೆ ಸೂರಿನ ನೆತ್ತಿಯಲ್ಲಿ ಮಡಚಿದ ಚೌಕಟ್ಟು ಕಂಬಿಯ ಮೇಲೆ ಸರಿದು ಬರುವ ಸದ್ದು ಗೋಡೆಯಲ್ಲಿ ನಡುಗಿತು. ಅದು ಮುಂಭಾಗಕ್ಕೆ ಬಂದು ನಿಂತಿತು. ಗಾಜಿನ ಫಲಕ ಹಸಿರಾಯಿತು. ಯಂತ್ರ ಹೆಣ್ಣುದನಿಯಲ್ಲಿ ಕೇಳಿತು.

"ನೆಲ ಖಾಲಿ ಇದೆಯೇ?"

ಹೊನ್ನೂರಮ್ಮ ಅಂಗೈ ಇಟ್ಟಳು. ತೆರೆಯ ಮೇಲಿನ ಚುಕ್ಕೆಗಳನ್ನು ಮತ್ತೆ ಎಣಿಸಿದಳು.

"ಹೇಳಿ," ಎಂದರು ದಿವಾಕರ್.

"ನಿನ್ನೆ ನಾಕು ಕಲ್ಲಿತ್ತು ಸಾರ್. ಇವತ್ತು ಹದ್ಮೂರು ಐತೆ."

"ಕಲ್ಲಿದ್ರೆ ಪರವಾಗಿಲ್ಲ. ಕಾಲು ಒತ್ತಿಕೊಂಡು ಇಳಿಯುತ್ತೆ."

"ಕಲ್ಲು ಹಿಂಗೆ ಸಾಲಾಗಿ ಹುಟ್ತಾವಾ?"

ದಿವಾಕರ್ ತೆರೆಯನ್ನು ನೋಡಿದರು. ಅವರಿಗೂ ಗೊತ್ತಾಗಿತ್ತು. ಕೀಲು ಕಂಡುಹಿಡಿದ ಮನುಷ್ಯನಿಗೆ ನೇರ ಗೆರೆ ಗೊತ್ತಾಗದೆ ಇರುವುದಿಲ್ಲ. ಅವರು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು.

"ನೋಡಿ, ಕಾಲು ಬಿಚ್ಚೋ ಸದ್ದು ಕೇಳಿದ್ರೆ ಯಾರಾದ್ರೂ ಎದ್ದೇ ಏಳ್ತಾರೆ. ಮನುಷ್ಯರಲ್ವಾ?"

"ನಮ್ಮತ್ತೆ ಏಳ್ಲಿಲ್ಲ."

"ಅದು ಅಪಘಾತ."

"ಮಗ ಒಳಗವ್ನೆ ಅಂತ ಏಳ್ಲಿಲ್ಲ ಸಾರ್. ಈಗ ಸೊಸೆ ಒಳಗವ್ಳೆ ಅಂತ ಕುಂತವ್ರೆ." ಅವಳು ಎಡಗೈ ಬೆರಳಿನಿಂದ ತೆರೆಯ ಗಾಜನ್ನು ಮುಟ್ಟಿದಳು. "ಈ ಕೊನೆಗೆ ಇರೋ ಕಲ್ಲು ನಮ್ಮ ಮಾವ. ಸೊಂಟನೋವು, ಬಲಕ್ಕೆ ವಾಲ್ಕಂಡ್ ಕೂರ್ತಾನೆ. ನೋಡಿ, ವಾಲೈತೆ. ಇದು ತಿಪ್ಪಕ್ಕ, ಕಾಲು ಚಾಚ್ಕಂಡವ್ಳೆ. ಇವತ್ತು ಗಂಜಿಗೆ ಕರ್ದವ್ರೆ ಅವ್ಳನ್ನ. ಇನ್ನು ಅವ್ಳು ಏಳಾಕಿಲ್ಲ."

"ತೆರೆ ಏನು ಹೇಳುತ್ತೋ ಅದನ್ನ ಹೇಳೋದು ನಿಮ್ಮ ಕೆಲಸ. ತೆರೆ ಕಲ್ಲು ಅಂತಿದೆ."

"ಹಂಗಾದ್ರೆ ತೆರೇನೇ ಹೇಳ್ಲಿ. ನನ್ ಬಾಯಿ ಯಾಕ್ ಬೇಕು?"

ದಿವಾಕರ್ ಕನ್ನಡಕ ತೆಗೆದು ಒರೆಸಿಕೊಂಡರು. ಮಧ್ಯಾಹ್ನವಾಯಿತು. ಮಧ್ಯಾಹ್ನ ಇಳಿಯಿತು. ಕಾವಲಿನ ಬಿಸಿಲಿಗೆ ಕಂಬಳಿಗಳು ಒಣಗಿದರೆ ಚುಕ್ಕೆಗಳು ಕೆಂಪಾಗಬೇಕಿತ್ತು. ಆದರೆ ಯಾರೋ ಹಟ್ಟಿಯ ಕಡೆಯಿಂದ ಕೊಡ ಹೊತ್ತು ಬಂದು ನೀರು ಚಿಮುಕಿಸಿ ಹೋಗುತ್ತಿದ್ದರು. ಬಂದವರು ಕೆಂಪಗೆ ಕಾಣುತ್ತಿದ್ದರು, ಹೋದ ಮೇಲೆ ಕಲ್ಲುಗಳು ಕಲ್ಲಾಗಿಯೇ ಉಳಿಯುತ್ತಿದ್ದವು. ತಾವು ಮನುಷ್ಯರೆಂದು ಯಂತ್ರದ ಕೈಲಿ ಅನ್ನಿಸಿಕೊಳ್ಳುವ ಆಸೆ ಅವರಿಗೆ ಇದ್ದಂತಿರಲಿಲ್ಲ. ಅವರು ಒಬ್ಬಳ ಬಾಯಿಗೆ ಕಾಯುತ್ತಿದ್ದರು.

ಫೋನು ಮೇಲಿಂದ ಮೇಲೆ ಬಂತು. ಕೊನೆಯ ಫೋನು ಇಟ್ಟ ಮೇಲೆ ದಿವಾಕರರ ಮೆತ್ತನೆಯ ದನಿ ಹೋಗಿತ್ತು.

"ಹೊತ್ತು ಮುಳುಗೋಕೆ ಇನ್ನು ಸ್ವಲ್ಪವೇ ಇದೆ. ನೀವು ಹೇಳಲಿಲ್ಲ ಅಂದ್ರೆ ನಾವೂ ಕೋರ್ಟಿನಲ್ಲಿ ಹೇಳಲ್ಲ. ಅಲ್ಲ, ಹೇಳ್ತೀವಿ. ತೆರೆ ಸರಿಯಾಗೇ ತೋರಿಸ್ತು, ಡ್ರೈವರೇ ನೋಡಲಿಲ್ಲ ಅಂತ ಹೇಳ್ತೀವಿ. ಹತ್ತು ವರ್ಷ. ನಿಮ್ಮ ಗಂಡನ ಮುಖ ನೆನೆಸಿಕೊಳ್ಳಿ."

ಹೊನ್ನೂರಮ್ಮ ನೆನೆಸಿಕೊಂಡಳು. ಅವನ ಹಣೆಯ ಮೇಲಿನ ಚೌಕಗಳು ನೆನಪಾದವು. ಅಂದ್ಬಿಡು ಹೊನ್ನೂರಿ. ಅವನು ಕ್ಷಮಿಸುವುದಿಲ್ಲ. ಹತ್ತು ವರ್ಷದ ನಂತರ ಹೊರಗೆ ಬಂದರೂ ಇದೊಂದನ್ನು ಕ್ಷಮಿಸುವುದಿಲ್ಲ, ಮತ್ತು ಹಾಗೆ ಕ್ಷಮಿಸದಿರಲು ಅವನಿಗೆ ಹಕ್ಕಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಅಂಗೈ ಗಾಜಿನ ಮೇಲೆ ಬೆವೆತಿತ್ತು.

"ನೆಲ ಖಾಲಿ ಇದೆಯೇ?" ಎಂದಿತು ಯಂತ್ರ.

"ಇಲ್ಲ," ಎಂದಳು ಹೊನ್ನೂರಮ್ಮ.

ಯಂತ್ರದ ಫಲಕ ಒಮ್ಮೆ ಮಿನುಗಿತು. "ಉತ್ತರ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ."

ಹೊನ್ನೂರಮ್ಮ ದಿವಾಕರರ ಕಡೆ ತಿರುಗಿದಳು. ಅವರು ಮುಖ ಬೇರೆ ಕಡೆ ಮಾಡಿದರು. ಯಂತ್ರಕ್ಕೆ ಬೋಲ್ಟು ಬಿಚ್ಚುವುದನ್ನು ಕಲಿಸಿದ್ದರು, ಬಿಗಿಯುವುದನ್ನು ಕಲಿಸಿದ್ದರು, ಮನುಷ್ಯರ ಬಿಸಿ ಅಳೆಯುವುದನ್ನು ಕಲಿಸಿದ್ದರು. ಇಲ್ಲ ಎಂಬ ಮಾತನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರು ಅದನ್ನು ಹೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಇಲ್ಲ," ಎಂದಳು ಮತ್ತೆ. "ಬೊಮ್ಮಣ್ಣ ಅವ್ನೆ. ತಿಪ್ಪಕ್ಕ ಅವ್ಳೆ. ಹಾಸು ಐತೆ."

"ಉತ್ತರ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ."

"ಮೂರೇ ಮಾತು ಹೊನ್ನೂರಮ್ಮ," ಎಂದರು ದಿವಾಕರ್. "ನನಗಾಗಿ ಬೇಡ. ಅವನಿಗಾಗಿ ಹೇಳಿ."

"ಹೇಳಲ್ಲ ಸಾರ್," ಎಂದು ಹೊನ್ನೂರಮ್ಮ ಗಾಜಿನ ಮೇಲಿಂದ ಕೈ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಮಡಿಲಿನಲ್ಲಿ ಇಟ್ಟುಕೊಂಡಳು.